ಮನೆವಾರ್ತೆ: ಹಬ್ಬದ ಮೇಜಿಗೆ ಅಲ್ಪವ್ಯಯದ ಅಲಂಕಾರ

ಅಮೆರಿಕ ದೇಶದಲ್ಲಿ ಸಂಸಾರ ಹೂಡಿರುವ ನಮ್ಮ ವಾಚಕ ಸೋದರಿಯೊಬ್ಬರ ಪತ್ರವು ಹೋದ ತಿಂಗಳು ನನ್ನ ಕೈಸೇರಿತು. ಆ ದೇಶದವರು ಪ್ರತಿವರ್ಷವೂ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದಂದು ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತೆಯ ಹಬ್ಬವನ್ನು ಈ ಸೋದರಿಯ ಮನೆಯಲ್ಲಿಯೂ ಹತ್ತು ವರ್ಷಗಳಿಂದ ತಪ್ಪದೆ ನಡೆಸಿಕೊಂಡು ಬಂದಿರುವರು. ಪತ್ನಿಯನ್ನು ಕಳೆದುಕೊಂಡು ಒಂಟಿಯಾಗಿರುವ ನೆರೆಮನೆಯ ವೃದ್ಧರೊಬ್ಬರು ಆ ದಿನ ಇವರಲ್ಲಿಯೇ ಊಟಮಾಡುವುದು ವಾಡಿಕೆ. ಈ ವರ್ಷ ಮಾರ್ಚಿ ತಿಂಗಳಲ್ಲಿ ಯಜಮಾನರ ಉದ್ಯೋಗವು ಹೋಯಿತು. ಇನ್ನೊಂದು ಇನ್ನೂ ದೊರೆತಿಲ್ಲ. ಜೂನ್ ತಿಂಗಳಲ್ಲಿ ಮೈಸೂರಿನಿಂದ ಬಂದ ಅತ್ತೆ ಮಾವಂದಿರು ಮನೆಯಲ್ಲಿರುವರು. ಇಂತಹ ಕಾಲದಲ್ಲಿ ಬಂದು ಮಗನಿಗೆ ಭಾರವಾದೆವೆಂದು ಮಾವನವರು ಕೊರಗುತ್ತಾ, ದಿನಕ್ಕೆ ಮೊದಲೇ ಹಿಂದಿರುಗುವ ಮಾತನ್ನು ಆಡುತ್ತಿರುವರಂತೆ.

“ಈ ಸಲ ಹಬ್ಬವೇ ಬೇಡವೆಂದು ಇವರು ಹೇಳುತ್ತಾರೆ. ಅಡಿಗೆಯನ್ನು ಹೇಗೋ ತೂಗಿಸಬಲ್ಲೆನು. ಆದರೆ ಬರಿದಾದ ಮೇಜನ್ನು ಕಂಡರೆ ನಮ್ಮ ಕೈ ಬರಿದಾಗಿರುವುದು ಎಲ್ಲರಿಗೂ ಕಾಣುವುದಲ್ಲವೆ? ಹತ್ತು ಡಾಲರಿನೊಳಗೆ ಮೇಜನ್ನು ಸಿಂಗರಿಸುವ ಉಪಾಯವಿದ್ದರೆ ತಿಳಿಸಿರಿ,” ಎಂದು ಆ ಸೋದರಿ ಬರೆದಿರುವರು.

ಉಪಾಯವಿದೆ. ಮಗನ ಮನೆಯಲ್ಲಿ, ಆ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ, ನಾಲ್ಕು ಶರತ್ಕಾಲಗಳನ್ನು ಕಳೆದ ನನಗೆ ಈ ವಿಷಯದಲ್ಲಿ ತಕ್ಕಮಟ್ಟಿಗೆ ಅನುಭವವುಂಟು. ಆದರೆ ಉಪಾಯಕ್ಕೆ ಮೊದಲು ಒಂದು ಮಾತು. ಮೇಜಿನ ಅಲಂಕಾರವು ಇರುವುದು ಮನೆಯ ಸ್ಥಿತಿಯನ್ನು ಮುಚ್ಚಿಡುವುದಕ್ಕಲ್ಲ. ಕುಳಿತುಕೊಳ್ಳುವವನಿಗೆ “ಈ ಜಾಗ ನಿನ್ನದು, ನಿನ್ನನ್ನು ನೆನೆದೇ ಇಟ್ಟದ್ದು” ಎಂದು ತಿಳಿಸುವುದಕ್ಕೆ. ಈ ಕೆಲಸವನ್ನು ಹಣಕ್ಕಿಂತ ಗಮನವೇ ಚೆನ್ನಾಗಿ ಮಾಡುವುದು.

ಈ ಹಬ್ಬದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಇದು ರಾಷ್ಟ್ರದ ಹಬ್ಬವಾದುದು ಒಬ್ಬ ಪತ್ರಿಕಾ ಸಂಪಾದಕಿಯ ಪ್ರಯತ್ನದಿಂದ. ಸಾರಾ ಜೊಸೀಫಾ ಹೇಲ್ ಎಂಬ ಆಕೆ 1822ರಲ್ಲಿ ಪತಿಯನ್ನು ಕಳೆದುಕೊಂಡು, ಐದು ಮಂದಿ ಮಕ್ಕಳನ್ನು ಲೇಖನಿಯ ಬಲದಿಂದಲೇ ಸಾಕಿದ ವಿಧವೆ. ಗೃಹಿಣಿಯರಿಗಾಗಿ ಹೊರಡುತ್ತಿದ್ದ ಒಂದು ಮಾಸಪತ್ರಿಕೆಯನ್ನು 1837ರಿಂದ 1877ರವರೆಗೆ ನಡೆಸಿದ ಈಕೆ, ದೇಶಕ್ಕೆಲ್ಲ ಒಂದೇ ದಿನ ಈ ಹಬ್ಬವಾಗಬೇಕೆಂದು ವರ್ಷವರ್ಷವೂ ಬರೆದಳು. ಅಧಿಪತಿಗಳಿಗೆ ಓಲೆಗಳನ್ನು ಕಳುಹಿಸಿದಳು. ಕಡೆಗೆ ಅಧ್ಯಕ್ಷ ಅಬ್ರಹಾಂ ಲಿಂಕನ್ನರು 1863ರ ಅಕ್ಟೋಬರ್ 3ರಂದು ಘೋಷಣೆಯನ್ನು ಹೊರಡಿಸಿದರು. ಆಗ ಆ ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಿತು; ಎಷ್ಟೋ ಮನೆಗಳಲ್ಲಿ ಒಂದು ಕುರ್ಚಿ ಖಾಲಿಯಾಗಿದ್ದಿತು. ಆ ಘೋಷಣೆಯು ವಿಧವೆಯರನ್ನೂ ಅನಾಥರನ್ನೂ ದುಃಖಿತರನ್ನೂ ಮರೆಯದೆ ನೆನೆಯುತ್ತದೆ. ನಾಲ್ಕನೆಯ ಗುರುವಾರವೆಂದು ಕಾನೂನಿನ ಮೂಲಕ ಗೊತ್ತುಮಾಡಿದ್ದು 1941ರಲ್ಲಿ. ಆದುದರಿಂದ ಕಷ್ಟದ ವರ್ಷವೆಂಬ ಕಾರಣಕ್ಕೆ ಈ ಹಬ್ಬವನ್ನು ಬಿಡಬೇಕಾದುದಿಲ್ಲ. ಕಷ್ಟದ ನಡುವೆಯೇ ಇದನ್ನು ರಾಷ್ಟ್ರವು ಕೈಕೊಂಡಿತು.

ಇನ್ನು ಕೆಲಸಕ್ಕೆ ಬರೋಣ.

ಮೊದಲನೆಯದು ಎತ್ತರದ ಮಾತು. ಮಗನ ಮನೆಯ ಮೊದಲನೆಯ ಹಬ್ಬಕ್ಕೆ ನಾನೇ ಬಲವಂತಪಡಿಸಿ ಅಂಗಡಿಯಿಂದ ಒಂದು ಭಾರಿ ಹೂವಿನ ಕುಂಡವನ್ನು ತರಿಸಿದೆನು. ಬೆಲೆಯೂ ಎತ್ತರ, ಕುಂಡವೂ ಎತ್ತರ. ಊಟದುದ್ದಕ್ಕೂ ಎದುರು ಕುಳಿತಿದ್ದ ಸೊಸೆಯ ಮುಖವು ನನಗೆ ಕಾಣಲಿಲ್ಲ, “ಇನ್ನೂ ಸ್ವಲ್ಪ ಬಡಿಸಲೇ, ಅತ್ತೆ?” ಎಂಬ ಧ್ವನಿಯು ಹೂವಿನೊಳಗಿಂದ ಬಂದಂತಾಯಿತು! ಮರುವರ್ಷದಿಂದ ಒಂದು ಅಳತೆಯನ್ನು ಇಟ್ಟುಕೊಂಡೆನು. ಕುರ್ಚಿಯಲ್ಲಿ ಕುಳಿತು, ಮೊಣಕೈಯನ್ನು ಮೇಜಿನ ಮೇಲೆ ಊರಿ, ಕೈಯನ್ನು ನೆಟ್ಟಗೆ ನಿಲ್ಲಿಸಿರಿ. ಮಣಿಕಟ್ಟು ಎಲ್ಲಿಗೆ ಬರುವುದೋ ಅದಕ್ಕಿಂತ ಮೇಲೆ ಯಾವ ಅಲಂಕಾರವೂ ಏಳಬಾರದು. ಸುಮಾರು ಒಂದಡಿಯೊಳಗೆ ಎಲ್ಲವೂ ಇದ್ದರೆ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಬಹುದು.

ಎರಡನೆಯದು ಮೇಜಿನ ಹಾಸು. ಇದಕ್ಕೆ ಕಾಸು ಬೇಕಿಲ್ಲ. ಪೆಟ್ಟಿಗೆಯ ತಳದಲ್ಲಿ ಹಳೆಯ ನೂಲಿನ ಸೀರೆಯೊಂದು ಇದ್ದೇ ಇರುವುದು. 48 ಅಂಗುಲ ಅಗಲದ ಸೀರೆಯನ್ನು ಉದ್ದುದ್ದಕ್ಕೆ ಮೂರು ಮಡಿಕೆ ಮಾಡಿದರೆ 16 ಅಂಗುಲದ ಪಟ್ಟಿಯಾಗುವುದು. ಅಂಚು ಮೇಲೆ ಬರುವಂತೆ ಮಡಿಸಬೇಕು. ಆರಡಿ ಉದ್ದದ ಮೇಜಿಗೆ ಎರಡು ಕಡೆಯೂ ಆರಾರು ಅಂಗುಲ ಇಳಿಬೀಳಬೇಕಾದರೆ 84 ಅಂಗುಲ ಉದ್ದ ಸಾಕು. ಸೀರೆಯು ಹರಿದಿದ್ದರೆ ಗಟ್ಟಿಯಾದ ಭಾಗವನ್ನು ಮಾತ್ರ ಕತ್ತರಿಸಿ ಅಂಚು ಹೊಲಿಯಿರಿ. ಚೆನ್ನಾಗಿದ್ದರೆ ಕತ್ತರಿಸದೆ ಮಿಕ್ಕುದನ್ನು ಒಳಕ್ಕೆ ಮಡಿಸಿರಿ. ಅತ್ತೆಯವರ ಸೀರೆಯನ್ನೇ ಕೇಳಿ ಪಡೆಯುವುದಾದರೆ ಮತ್ತೂ ಒಳ್ಳೆಯದು. ಅರಿಸಿನದ ಬಣ್ಣ, ಇಟ್ಟಿಗೆಯ ಕೆಂಪು, ಕಾಫಿಬೀಜದ ಬಣ್ಣ, ಇವು ಆ ದೇಶದ ಶರತ್ಕಾಲದ ಎಲೆಗಳಿಗೆ ಬಹಳ ಚೆನ್ನಾಗಿ ಹೊಂದುವುವು.

ಮೂರನೆಯದು ಎಲೆಗಳು. ಮೇಪಲ್, ಓಕ್ ಮೊದಲಾದ ಮರಗಳು ಆ ಋತುವಿನಲ್ಲಿ ಕೆಂಪು ಹಳದಿ ಎಲೆಗಳನ್ನು ಧಾರಾಳವಾಗಿ ಉದುರಿಸುವುವು. ಹಬ್ಬಕ್ಕೆ ಹತ್ತು ದಿನ ಮುಂಚಿತವಾಗಿಯೇ ಮಕ್ಕಳನ್ನು ಕರೆದುಕೊಂಡು ಹೋಗಿ ಆಯ್ದು ತರಬೇಕು. ಕೆಲವು ಸಾರ್ವಜನಿಕ ಉದ್ಯಾನಗಳಲ್ಲಿ ಆಯುವುದಕ್ಕೆ ಅನುಮತಿಯಿಲ್ಲ. ಕೇಳಿಕೊಂಡು ಆಯುವುದು ಲೇಸು. ತಂದ ದಿನ ಹಾಗೆಯೇ ಬಿಟ್ಟರೆ ಎಲೆಗಳು ಬೇಗನೆ ಸುರುಳಿಕೊಳ್ಳುವುವು. ಒದ್ದೆಯನ್ನು ಒರಸಿ, ವೃತ್ತಪತ್ರಿಕೆಯ ಹಾಳೆಗಳ ನಡುವೆ ಒಂದಕ್ಕೊಂದು ತಾಗದಂತೆ ಹರಡಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದು ವಾರವಿಟ್ಟರೆ ಚಪ್ಪಟೆಯಾಗಿ ಒಣಗಿ ಬಣ್ಣವೂ ಬಹುಮಟ್ಟಿಗೆ ಉಳಿಯುವುದು. ಅವಸರವಿದ್ದವರು ಎಲೆಯನ್ನು ಎರಡು ಮೇಣದ ಕಾಗದಗಳ ನಡುವೆ ಇಟ್ಟು, ಮೇಲೊಂದು ತೆಳುವಾದ ಬಟ್ಟೆಯನ್ನು ಹೊದಿಸಿ, ಆವಿಯಿಲ್ಲದೆ ಹಗುರವಾದ ಕಾವಿನಲ್ಲಿ ಇಸ್ತ್ರಿ ಮಾಡಬಹುದು. ಇಂತಹ ಎಲೆಗಳನ್ನು ಸೀರೆಯ ಪಟ್ಟಿಯ ಮೇಲೆ ಅಲ್ಲಲ್ಲಿ ಹರಡಬಹುದು. ದೊಡ್ಡ ಎಲೆಗಳನ್ನು ಸೂಜಿದಾರದಿಂದ ಪೋಣಿಸಿ ಬಾಗಿಲಿಗೆ ತೋರಣವನ್ನೂ ಕಟ್ಟಬಹುದು. ತೋರಣ ಕಟ್ಟುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು. ಪಾಯಿಸನ್ ಐವಿ ಎಂಬ ಬಳ್ಳಿಯ ಎಲೆಯೂ ಆ ಕಾಲದಲ್ಲಿ ಕಣ್ಸೆಳೆಯುವ ಕೆಂಪಾಗುವುದು. ಒಂದೊಂದು ತೊಟ್ಟಿನಲ್ಲಿ ಮೂರು ಮೂರು ಎಲೆಗಳಿರುವುದೇ ಅದರ ಗುರುತು. ಮುಟ್ಟಿದರೆ ಅದರ ಎಣ್ಣೆಯಿಂದ ಮೈಮೇಲೆ ತುರಿಕೆ ಬೊಕ್ಕೆಗಳು ಏಳುವುವು. ಆದುದರಿಂದ ಬಳ್ಳಿಯಿಂದ ಏನನ್ನೂ ಕೀಳದೆ, ಗುರುತು ತಿಳಿದ ಮರದ ಕೆಳಗೆ ಬಿದ್ದುದನ್ನು ಮಾತ್ರ ಆಯಬೇಕು. ಹಾಗೆಯೇ ಬೇಲಿಯಲ್ಲಿ ಕಾಣುವ ಅಂದವಾದ ಕಾಡುಹಣ್ಣುಗಳಲ್ಲಿ ಹಲವು ವಿಷವುಳ್ಳವು. ಮಕ್ಕಳು ಕೂಡುವ ಊಟದ ಮೇಜಿಗೆ ಅವು ಸಲ್ಲವು.

ನಾಲ್ಕನೆಯದು ನಡುವಣ ಅಲಂಕಾರ. ಒಂದು ಚಿಕ್ಕ ಸಿಹಿಗುಂಬಳ ಸಾಕು. ಅಕ್ಟೋಬರ್ 31ರ ಹ್ಯಾಲೊವೀನ್ ಕಳೆದ ಮೇಲೆ ಅಂಗಡಿಗಳಲ್ಲಿ ಉಳಿದ ಕುಂಬಳಗಳು ಅಗ್ಗವಾಗಿ ದೊರೆಯುವುದುಂಟು. ತೊಟ್ಟು ಗಟ್ಟಿಯಾಗಿದ್ದು, ಮೈಯಲ್ಲಿ ಎಲ್ಲಿಯೂ ಮೆತ್ತಗಾಗಿರದುದನ್ನು ಆರಿಸಬೇಕು. ಹಬ್ಬದ ಹಿಂದಿನ ದಿನ ಮೇಲ್ಭಾಗವನ್ನು ಮುಚ್ಚಳದಂತೆ ಕೊಯ್ದು, ಬೀಜವನ್ನೂ ನಾರನ್ನೂ ತೆಗೆದು, ಒಳಗೆ ನೀರು ತುಂಬಿದ ಒಂದು ಗಾಜಿನ ಲೋಟವನ್ನು ಕೂರಿಸಿದರೆ ಹೂದಾನಿಯಾಯಿತು. ಹಿತ್ತಿಲಿನ ಕಡೆಯ ಸೇವಂತಿಗೆಯೋ, ಹಸುರು ಕೊಂಬೆಯ ಎರಡು ತುಂಡುಗಳೋ ಅದರಲ್ಲಿ ನಿಲ್ಲಲಿ. ಮುಂಚಿತವಾಗಿ ಕೊಯ್ದಿಟ್ಟರೆ ಕೆಡುವುದು. ಬೀಜಗಳನ್ನು ತೊಳೆದು, ಉಪ್ಪು ಖಾರ ಬೆರಸಿ ಹುರಿದರೆ ಮಕ್ಕಳ ತಿಂಡಿಯಾಗುವುದು. ಕೊಯ್ಯದೆ ಇಡಿಯಾಗಿಯೇ ಇಡುವುದಾದರೆ ಇನ್ನೂ ಸುಲಭ; ಹಬ್ಬ ಮುಗಿದ ಮೇಲೆ ಅದೇ ಕಾಯಿ ಹುಳಿಗೆ ಬರುವುದು. ಆದರೆ ನೋಟಕ್ಕೆಂದೇ ಮಾರುವ ಬಣ್ಣಬಣ್ಣದ ಗಂಟುಗಂಟಾದ ಸೋರೆಯ ಜಾತಿಯ ಕಾಯಿಗಳನ್ನು ಅಡಿಗೆಗೆ ಉಪಯೋಗಿಸಬಾರದು. ಅವುಗಳ ಕಹಿಯು ಹೊಟ್ಟೆಗೆ ಕೇಡು.

ಕುಂಬಳದ ಪಕ್ಕದಲ್ಲಿ ಬಣ್ಣದ ಮುಸುಕಿನ ಜೋಳದ ಎರಡು ಮೂರು ಒಣಗಿದ ತೆನೆಗಳನ್ನು, ಸಿಪ್ಪೆಯನ್ನು ಹಿಂದಕ್ಕೆ ಬಿಡಿಸಿ, ಸೆಣಬಿನ ಹುರಿಯಿಂದ ಕಟ್ಟಿ ಇಡಬಹುದು. ಕರಾವಳಿಯಲ್ಲಿ ಹೊಸ ಭತ್ತದ ಕದಿರನ್ನು ಮನೆಯ ಕಂಬಕ್ಕೆ ಕಟ್ಟುವುದನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ತೆನೆಯ ವಿಷಯದಲ್ಲಿ ಮಕ್ಕಳಿಗೆ ಹೇಳತಕ್ಕ ಸಂಗತಿಯೊಂದುಂಟು. 1620ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಪ್ಲಿಮತ್ತಿನಲ್ಲಿ ನೆಲೆಸಿದವರಲ್ಲಿ ಸುಮಾರು ಅರ್ಧಭಾಗ ಮೊದಲನೆಯ ಚಳಿಗಾಲದಲ್ಲಿಯೇ ತೀರಿಕೊಂಡರು. ಉಳಿದವರಿಗೆ ಈ ಜೋಳವನ್ನು ಬೆಳೆಯುವ ಕ್ರಮವನ್ನು ಕಲಿಸಿದವರು ಆ ನೆಲದ ಮೂಲನಿವಾಸಿಗಳು. 1621ರ ಸುಗ್ಗಿಯ ಔತಣಕ್ಕೆ ವಾಂಪನೋಗ್ ಜನರ ಒಡೆಯನಾದ ಮಸಸೋಯಿಟನು ಸುಮಾರು ತೊಂಬತ್ತು ಮಂದಿಯೊಡನೆ ಬಂದು ಮೂರು ದಿನ ಜತೆಯಲ್ಲಿ ಉಂಡನೆಂದು ಅಲ್ಲಿದ್ದವರೊಬ್ಬರ ಪತ್ರವು ಹೇಳುತ್ತದೆ. ಮುಂದೆ ಆ ಜನರ ನೆಲವೂ ಬಾಳೂ ಕೈಬಿಟ್ಟುಹೋದುವು. 1970ರಿಂದ ಅವರ ವಂಶದವರೂ ಇತರ ಮೂಲನಿವಾಸಿಗಳೂ ಇದೇ ಗುರುವಾರದಂದು ಪ್ಲಿಮತ್ತಿನಲ್ಲಿ ಸೇರಿ ಅದನ್ನು ಶೋಕದಿನವಾಗಿ ಆಚರಿಸುತ್ತಾರೆ. ಆದುದರಿಂದ ಬಣ್ಣದ ಕಾಗದದ ಗರಿಯ ಕಿರೀಟಗಳನ್ನೂ ಗರಿ ತೊಟ್ಟ ಗೊಂಬೆಗಳನ್ನೂ ಮಾಡಿ ಮೇಜಿನ ಮೇಲಿಡುವ ಹಳೆಯ ರೂಢಿಯನ್ನು ಕೈಬಿಡುವುದು ಒಳ್ಳೆಯದು. ವಾಂಪನೋಗರ ಉಡುಪು ಹಾಗಿರಲೂ ಇಲ್ಲ. ಒಂದು ತೆನೆಯನ್ನಿಟ್ಟು, ಅದು ಯಾರಿಂದ ಬಂದಿತೆಂಬುದನ್ನು ಮಕ್ಕಳಿಗೆ ತಿಳಿಸಿದರೆ ಕೃತಜ್ಞತೆ ಎಂಬ ಹೆಸರಿಗೆ ಅದು ಹೆಚ್ಚು ಒಪ್ಪುವುದು.

ಐದನೆಯದು ದೀಪ. ಕ್ರ್ಯಾನ್‌ಬೆರಿ ಎಂಬ ಹುಳಿಯಾದ ಕೆಂಪು ಹಣ್ಣು ಆ ದೇಶದ ಜೌಗುನೆಲದಲ್ಲಿ ಬೆಳೆದು ಸರಿಯಾಗಿ ಈ ಋತುವಿನಲ್ಲಿಯೇ ಪೇಟೆಗೆ ಬರುವುದು. ಹಣ್ಣಿನೊಳಗೆ ಗಾಳಿಯ ಪೊಳ್ಳುಗಳಿರುವುದರಿಂದ ಅದು ನೀರಿನಲ್ಲಿ ತೇಲುವುದು. ಒಂದು ಚೀಲವನ್ನು ಕೊಂಡು, ಮುಕ್ಕಾಲು ಪಾಲನ್ನು ಬೆಲ್ಲ ಮೆಣಸಿನಪುಡಿ ಹಾಕಿ ಗೊಜ್ಜು ಮಾಡಿರಿ. ಅದರ ಹುಳಿಗೆ ಗೊಜ್ಜು ಬಹಳ ಸೊಗಸು. ಮಿಕ್ಕ ಕಾಲುಪಾಲನ್ನು ಅಗಲವಾದ ಗಾಜಿನ ಬೋಗುಣಿಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಅದರಲ್ಲಿ ತೇಲಿಬಿಟ್ಟು, ನಡುವೆ ತೇಲುವ ಮೇಣದ ಬತ್ತಿಯೊಂದನ್ನು ಇಡಿರಿ. ಬತ್ತಿಗೆ ಪರಿಮಳವಿರಕೂಡದು, ಅಡಿಗೆಯ ಘಮವೇ ಆ ದಿನದ ಪರಿಮಳ. ಒಣಗಿದ ಎಲೆ, ಸಿಪ್ಪೆ, ಕಾಗದ ಯಾವುದೂ ಜ್ವಾಲೆಗೆ 12 ಅಂಗುಲದೊಳಗೆ ಇರಬಾರದು. ಎಲ್ಲರೂ ಮೇಜಿನಿಂದ ಏಳುವಾಗ ದೀಪವನ್ನು ನಂದಿಸುವ ಹೊಣೆಯನ್ನು ಒಬ್ಬ ಹಿರಿಯರಿಗೆ ವಹಿಸಬೇಕು.

ಆರನೆಯದು ಕೈವಸ್ತ್ರದ ಬಳೆ. ಅಡಿಗೆಮನೆಯ ಕಾಗದದ ಸುರುಳಿ ಮುಗಿದ ಮೇಲೆ ಒಳಗಿನ ರಟ್ಟಿನ ಕೊಳವೆಯನ್ನು ಎಸೆಯದೆ ಒಂದೂವರೆ ಅಂಗುಲದ ತುಂಡುಗಳಾಗಿ ಕತ್ತರಿಸಿ, ಮೇಲೆ ಅಂಟು ಸವರಿ, ಸೆಣಬಿನ ಹುರಿಯನ್ನು ಒತ್ತೊತ್ತಾಗಿ ಸುತ್ತಬೇಕು. 11 ಅಂಗುಲದ ಒಂದು ಕೊಳವೆಯಿಂದ ಏಳು ಬಳೆಗಳಾಗುವುವು. ಸೋದರಿಯ ಮೇಜಿಗೆ ಕೂಡುವವರೂ ಏಳೇ ಮಂದಿ. ಕೈವಸ್ತ್ರವನ್ನು ಸುತ್ತಿ ಬಳೆಯೊಳಗೆ ತೂರಿಸುವಾಗ ಒಂದು ತುಂಡು ದಾಲ್ಚಿನ್ನಿ ಚಕ್ಕೆಯನ್ನು ಸಿಕ್ಕಿಸಿದರೆ ಅಂದವೂ ಆಯಿತು, ಮಾರನೆಯ ದಿನ ಪಲಾವಿಗೂ ಆಯಿತು. ಈ ಕೆಲಸಕ್ಕೆ ಹತ್ತು ವರ್ಷದ ಮಕ್ಕಳೇ ಸಾಕು.

ಕಡೆಯದಾಗಿ ಹೆಸರಿನ ಚೀಟಿ. ಮೇಲೆ ಹೇಳಿದವುಗಳಲ್ಲಿ ಯಾವುದನ್ನು ಬಿಟ್ಟರೂ ಚಿಂತೆಯಿಲ್ಲ. ಇದನ್ನು ಮಾತ್ರ ಬಿಡಬಾರದು. ದಪ್ಪ ಕಾಗದವನ್ನು 4 ಅಂಗುಲಕ್ಕೆ 3 ಅಂಗುಲದಂತೆ ಕತ್ತರಿಸಿ, ನಡುವೆ ಮಡಿಸಿದರೆ 2 ಅಂಗುಲ ಎತ್ತರ, 3 ಅಂಗುಲ ಅಗಲದ ಚೀಟಿಯಾಗುವುದು. ಇದನ್ನು ನಿಲ್ಲಿಸುವುದಕ್ಕೆ ಪೈನ್ ಮರದ ಒಣಗಿದ ಕಾಯಿಗಳು ಯೋಗ್ಯವಾದವು. ಅವುಗಳ ಪದರಗಳ ಸಂದಿಯಲ್ಲಿ ಚೀಟಿಯು ತಾನಾಗಿ ಕೂರುವುದು. ಆಯ್ದು ತಂದ ಕಾಯಿಗಳಲ್ಲಿ ಹುಳುಗಳಿರಬಹುದಾದುದರಿಂದ, ಮಣ್ಣು ಕೊಡವಿ, ತಟ್ಟೆಯಲ್ಲಿ ಅಲ್ಯುಮಿನಿಯಂ ಹಾಳೆಯ ಮೇಲೆ ಹರಡಿ, ಓವನ್ನಿನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್ ಕಾವಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಇಡಬೇಕು. ಹುಳುಗಳು ಸಾಯುವುವು, ಮುಚ್ಚಿದ ಪದರಗಳು ಅರಳುವುವು. ಅಂಟುಳ್ಳ ಕಾಯಿ ಬೆಂಕಿ ಹಿಡಿಯಬಹುದಾದುದರಿಂದ ಆ ಹೊತ್ತಿನಲ್ಲಿ ಅಡಿಗೆಮನೆಯನ್ನು ಬಿಟ್ಟು ಹೋಗಕೂಡದು. ಮೇಜಿನ ಮೇಲೆ ಕಾಯಿ ಹೊರಳುವಂತಿದ್ದರೆ ಚಪಾತಿಗೆ ಕಲಸಿದ ಹಿಟ್ಟಿನ ಒಂದು ಗುಳಿಗೆಯಿಂದ ರಟ್ಟಿನ ತುಂಡಿಗೆ ಅಂಟಿಸಿ ನಿಲ್ಲಿಸಬಹುದು.

ಇನ್ನು ಹೆಸರನ್ನು ಬರೆಯುವವರಾರು? ಸೋದರೀ, ಇದನ್ನು ನಿಮ್ಮ ಮಾವನವರಿಗೆ ಒಪ್ಪಿಸಿರಿ. ಅವರ ತಲೆಮಾರಿನವರು ಕಾಪಿಪುಸ್ತಕದ ಮೇಲೆ ಅಕ್ಷರವನ್ನು ತಿದ್ದಿದವರು. ಏಳು ಚೀಟಿಗಳಲ್ಲಿಯೂ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ನೆರೆಮನೆಯ ವೃದ್ಧರ ಹೆಸರನ್ನೂ ಕನ್ನಡದಲ್ಲಿ ಬರೆಯಲಿ. ಅದನ್ನು ಓದಿ ಹೇಳುವ ನೆಪದಲ್ಲಿ ಇಬ್ಬರು ಹಿರಿಯರಿಗೂ ಮಾತಿಗೆ ದಾರಿಯಾಗುವುದು. ಚೀಟಿಯ ಒಳಮಗ್ಗುಲಲ್ಲಿ ಆ ಆ ವ್ಯಕ್ತಿಯಿಂದ ಈ ವರ್ಷ ಮನೆಗೆ ಆದ ಒಂದು ಉಪಕಾರವನ್ನು ಒಂದೇ ಸಾಲಿನಲ್ಲಿ ಬರೆಯಬೇಕು. “ಒಳ್ಳೆಯವರು”, “ಪ್ರೀತಿಯವರು” ಎಂಬ ಸಾಮಾನ್ಯ ಮಾತುಗಳು ಬೇಡ. ಹಿಮ ಬಿದ್ದ ದಿನ ದಾರಿಯನ್ನು ಗುಡಿಸಿಕೊಟ್ಟದ್ದು, ರಾತ್ರಿ ಕೆಮ್ಮಿದ ಮಗುವಿಗೆ ಕಷಾಯ ಕಾಸಿದ್ದು, ಗಣಿತದ ಲೆಕ್ಕ ಹೇಳಿಕೊಟ್ಟದ್ದು, ಇಂತಹ ನಡೆದ ಸಂಗತಿಯೇ ಇರಬೇಕು. ತಾನು ಭಾರವೆಂದು ತಿಳಿದಿರುವ ಹಿರಿಯರಿಗೆ “ನೀವು ಭಾರವಲ್ಲ” ಎಂದು ನೂರು ಸಲ ಹೇಳಿದರೂ ನಂಬಿಕೆ ಬಾರದು. ಮೊಮ್ಮಗನ ಕೈಬರಹದಲ್ಲಿ ಅಂತಹ ಒಂದು ಸಾಲನ್ನು ಕಂಡರೆ ಬಂದೀತು. ಆದುದರಿಂದ ಮಾವನವರ ಚೀಟಿಯ ಒಳಸಾಲನ್ನು ಮಾತ್ರ ಅವರಿಗೆ ತಿಳಿಯದಂತೆ ಮಕ್ಕಳಿಂದ ಬರೆಯಿಸಿರಿ.

ನಿಮ್ಮ ಯಜಮಾನರ ಚೀಟಿಯನ್ನು ನೀವೇ ಬರೆಯಿರಿ. ಉದ್ಯೋಗದ ಮಾತನ್ನು ಅದರಲ್ಲಿ ಎತ್ತಬೇಡಿರಿ. ಸಂಬಳವಿಲ್ಲದ ಈ ತಿಂಗಳುಗಳಲ್ಲಿ ಅವರು ಮನೆಯಲ್ಲಿ ಮಾಡಿದ್ದು ಏನಾದರೂ ಇದ್ದೇ ಇರುವುದು. ಅದನ್ನು ಕಂಡಿರುವಿರೆಂದು ಅವರಿಗೆ ತಿಳಿಯಲಿ. ಪ್ರತಿವರ್ಷ ಅವರು ಕೂರುವ ಜಾಗದಲ್ಲಿಯೇ ಈ ವರ್ಷವೂ ಅವರ ಹೆಸರು ನಿಲ್ಲಬೇಕು.

ಈಗ ಲೆಕ್ಕ ನೋಡೋಣ. ಸೀರೆ ಮನೆಯದು, ಎಲೆ, ಪೈನ್ ಕಾಯಿ ಮರದ ಕೆಳಗಿನವು, ಕೊಳವೆ ಎಸೆಯತಕ್ಕದ್ದು, ಚಕ್ಕೆ ಡಬ್ಬಿಯಲ್ಲಿರುವುದು. ಕೊಳ್ಳಬೇಕಾದುದು ಕುಂಬಳ, ಕ್ರ್ಯಾನ್‌ಬೆರಿ, ಹುರಿಯ ಒಂದು ಉಂಡೆ, ಬತ್ತಿ, ಇಷ್ಟೇ. ಇದರಲ್ಲಿ ಮೊದಲಿನ ಎರಡು ಅಡಿಗೆಯ ಲೆಕ್ಕಕ್ಕೆ ಸೇರುವುವು. ಜೋಳದ ತೆನೆಯು ದುಬಾರಿಯೆಂದು ಕಂಡರೆ ಬಿಟ್ಟುಬಿಡಿರಿ.

ಕೆಲಸದ ಕ್ರಮ ಹೀಗಿರಲಿ: ಹತ್ತು ದಿನ ಮೊದಲು ಎಲೆ, ಕಾಯಿಗಳನ್ನು ಆಯುವುದು, ನಾಲ್ಕು ದಿನ ಮೊದಲು ಕಾಯಿಗಳನ್ನು ಕಾಯಿಸುವುದು, ಬಳೆಗಳನ್ನು ಸುತ್ತುವುದು, ಎರಡು ದಿನ ಮೊದಲು ಚೀಟಿಗಳನ್ನು ಬರೆಯುವುದು, ಹಿಂದಿನ ಸಂಜೆ ಕುಂಬಳವನ್ನು ಕೊಯ್ದು ಮೇಜನ್ನು ಅಣಿಮಾಡುವುದು. ಹಬ್ಬದ ದಿನಕ್ಕೆ ನೀರು ತುಂಬುವುದು, ದೀಪ ಹಚ್ಚುವುದು ಮಾತ್ರ ಉಳಿಯಲಿ; ಆ ದಿನ ಗೃಹಿಣಿಗೆ ಒಲೆಯ ಮುಂದೆ ಸಾಕಷ್ಟು ಕೆಲಸವಿರುವುದು.

ಊಟವಾದ ಮೇಲೆ ಎಲೆಗಳು ತಿಪ್ಪೆಗೆ ಹೋಗಲಿ, ಕುಂಬಳವು ಹುಳಿಗೆ ಬರಲಿ. ಚೀಟಿಗಳನ್ನು ಮಾತ್ರ ಎಸೆಯದೆ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ವರ್ಷವನ್ನು ಗುರುತುಹಾಕಿ ಇಡಿರಿ. ನಮ್ಮ ಮನೆಯ ಡಬ್ಬಿಯಲ್ಲಿ ಈಗ ಕೈ ನಡುಗುವ ನನ್ನ ಯಜಮಾನರ ಹಳೆಯ ದುಂಡಕ್ಷರವಿದೆ; ಆ ವರ್ಷದ ಹೂವಿನ ಕುಂಡದ ಬೆಲೆ ಎಷ್ಟಾಗಿದ್ದಿತೆಂಬುದು ಯಾರಿಗೂ ನೆನಪಿಲ್ಲ.

ಸೋದರೀ, ನೆರೆಮನೆಯವರಿಗೆ ಇಂದೇ ಆಹ್ವಾನವನ್ನು ಕಳುಹಿಸಿರಿ. ಕೂಡುವ ಏಳು ಮಂದಿಗೂ ನನ್ನ ಶುಭಾಶಯಗಳು. ಮಾವನವರ ಪ್ರಯಾಣದ ದಿನವು ಹಿಂದಿನಂತೆಯೇ ನಿಂತಿತೆಂಬ ಸುದ್ದಿಯನ್ನು ಮುಂದಿನ ಓಲೆಯಲ್ಲಿ ಓದುವೆನೆಂದು ನಂಬಿರುವೆನು.